ಸವೆದ ಸೀಸದ ನಾಣ್ಯಗಳಿಂದ ಸಾತವಾಹನರ ಇತಿಹಾಸ ಗೊತ್ತಾಗುತ್ತದೆಯೇ?

ಪ್ರಶ್ನೆ: ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿ. ಸಾತವಾಹನರ ಮೇಲೆ ಪ್ರಬಂಧ ಬರೆಯಬೇಕು ಅಂದುಕೊಂಡಿದ್ದೇನೆ. ಪುರಾಣಗಳಲ್ಲಿ ಅವರ ಅರಸರ ಪಟ್ಟಿಯೇ ಇದೆ, ನಾಸಿಕದ ಗುಹೆಗಳಲ್ಲಿ ಶಾಸನಗಳಿವೆ. ಇಷ್ಟಿದ್ದ ಮೇಲೆ ನಾಣ್ಯಗಳಿಂದ ಹೊಸದಾಗಿ ಏನು ತಿಳಿಯುತ್ತದೆ? ಚಿತ್ರದುರ್ಗದ ಹತ್ತಿರ ನಮ್ಮ ಮಾವನವರ ಹೊಲದಲ್ಲಿ ಉಳುವಾಗ ಸಿಕ್ಕ ಎರಡು ಸೀಸದ ನಾಣ್ಯಗಳೂ ನಮ್ಮಲ್ಲಿವೆ. ಒಂದರ ಮೇಲೆ ಗೂಳಿ ಇದ್ದ ಹಾಗಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗೂಳಿಯಿಂದಲೇ ಶುರು ಮಾಡೋಣ. ಚಿತ್ರದುರ್ಗ ಎಂದ ಕೂಡಲೇ ಚಂದ್ರವಳ್ಳಿ ನೆನಪಾಗಬೇಕು. ಮೈಸೂರಿನ ಎಂ.ಎಚ್. ಕೃಷ್ಣ ಅವರು 1920ರ ದಶಕದ ಕೊನೆಯಲ್ಲಿ ಅಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಆ ಜಾಗದ ಹೆಸರಿನ ಜೊತೆ ತಳಕು ಹಾಕಿಕೊಂಡ ಒಂದು ಬಗೆಯ ಸೀಸದ ನಾಣ್ಯ ಇದೆ. ಒಂದು ಬದಿಯಲ್ಲಿ ಡುಬ್ಬದ ಗೂಳಿ, ಸುತ್ತ ಬ್ರಾಹ್ಮಿ ಲಿಪಿಯಲ್ಲಿ ‘ಸದಕಣ ಕಳಲಾಯ ಮಹಾರಠಿಸ’ ಎಂಬ ಬರಹ. ಇನ್ನೊಂದು ಬದಿಯಲ್ಲಿ ಬೇಲಿಯೊಳಗಿನ ಮರ ಮತ್ತು ಕಮಾನುಗಳನ್ನು ಒಂದರ ಮೇಲೊಂದು ಪೇರಿಸಿದಂಥ ಬೆಟ್ಟ. ನಿಮ್ಮದು ಅದೇ ಎಂದು ನೋಡದೆ ಹೇಳಲಾರೆ. ಆದರೆ ನಿಮ್ಮ ಮೊದಲ ಪ್ರಶ್ನೆಗೆ ಈ ನಾಣ್ಯ ಅರ್ಧ ಉತ್ತರ ಕೊಟ್ಟುಬಿಡುತ್ತದೆ. ಈ ಮಹಾರಠಿ ಅರಸನಲ್ಲ, ಅರಸನ ಕೈಕೆಳಗಿನ ಪ್ರಾಂತ್ಯದ ಒಡೆಯ. ಪುರಾಣಗಳ ಪಟ್ಟಿಯಲ್ಲಿ ಅವನಿಲ್ಲ, ಇರುವುದಕ್ಕೆ ಕಾರಣವೂ ಇಲ್ಲ. ಆದರೂ ಅವನು ತನ್ನದೇ ಹೆಸರಲ್ಲಿ ನಾಣ್ಯ ಹೊಡೆಸಿದ್ದಾನೆ. ಸಾತವಾಹನರ ರಾಜ್ಯ ಎಂದರೆ ಎಲ್ಲವೂ ರಾಜಧಾನಿಯಿಂದಲೇ ನಡೆಯುತ್ತಿತ್ತು ಎಂಬ ಕಲ್ಪನೆಯನ್ನು ಈ ಒಂದು ತುಂಡು ಸೀಸ ಅಲ್ಲಾಡಿಸುತ್ತದೆ, ಅಲ್ವಾ?

ನಾಣ್ಯಗಳನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಹುಣಸೆಹಣ್ಣು, ನಿಂಬೆರಸ, ಸೋಪು, ಬ್ರಷ್ಷು ಯಾವುದನ್ನೂ ಮುಟ್ಟಿಸಬೇಡಿ. ಸೀಸ ಮೆತ್ತಗಿನ ಲೋಹ. ಉಜ್ಜಿದರೆ ಉಳಿದಿರುವ ಅಕ್ಷರವೂ ಹೋಗುತ್ತದೆ. ಮರದ ಪೆಟ್ಟಿಗೆ, ರಟ್ಟಿನ ಡಬ್ಬಿಯಲ್ಲೂ ಇಡಬೇಡಿ. ಅವುಗಳಿಂದ ಹೊರಬರುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಸೀಸ ವಿಷ. ತೂಕ, ಅಡ್ಡಳತೆ, ಎರಡೂ ಬದಿಯ ಫೋಟೋ, ಪಕ್ಕದಲ್ಲಿ ಅಳತೆಪಟ್ಟಿ, ಇಷ್ಟು ಸಾಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಯಾವ ಹೊಲ, ಯಾವ ಮೂಲೆ, ಎಷ್ಟು ಆಳ, ಜೊತೆಗೆ ಮಡಕೆ ಚೂರು ಏನಾದರೂ ಇತ್ತೇ ಎಂಬುದು. ಮಾವನವರಿಗೆ ನೆನಪಿರುವಾಗಲೇ ಕೇಳಿ ಬರೆದುಕೊಳ್ಳಿ. ನೆಲದಲ್ಲಿ ಸಿಕ್ಕ ಹಳೆಯ ವಸ್ತುವಿನ ಬಗ್ಗೆ ಜಿಲ್ಲಾಡಳಿತಕ್ಕೆ ತಿಳಿಸಬೇಕು ಎಂದು ನಿಧಿ ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಆದ್ದರಿಂದ ರಾಜ್ಯ ಪುರಾತತ್ವ ಇಲಾಖೆಯ ಸ್ಥಳೀಯ ವಸ್ತುಸಂಗ್ರಹಾಲಯದಲ್ಲಿ ತೋರಿಸಿ. ಹೆದರುವುದೇನೂ ಇಲ್ಲ.

ಈಗ ಪುರಾಣಗಳ ಪಟ್ಟಿಗೆ ಬರೋಣ. ‘ಪಟ್ಟಿಯೇ ಇದೆ’ ಎಂದು ನೀವು ಬರೆದಿದ್ದೀರಿ. ಯಾವ ಪಟ್ಟಿ? ಮತ್ಸ್ಯ ಪುರಾಣದ ಲೆಕ್ಕದಲ್ಲಿ ಸುಮಾರು 30 ಅರಸರು, ಸುಮಾರು 460 ವರ್ಷ. ವಾಯು ಪುರಾಣದ ಪ್ರತಿಗಳಲ್ಲಿ ಹೆಸರುಗಳು ಅದಕ್ಕಿಂತ ತುಂಬಾ ಕಡಿಮೆ, ಅವಧಿ ಸುಮಾರು 300 ವರ್ಷ. ಒಂದೇ ವಂಶಕ್ಕೆ ಒಂದೂವರೆ ಶತಮಾನದ ವ್ಯತ್ಯಾಸ! ಮೇಲಾಗಿ ಪುರಾಣಗಳು ಅವರನ್ನು ಆಂಧ್ರರು ಎನ್ನುತ್ತವೆ. ಅವರು ತಮ್ಮ ನಾಣ್ಯಗಳಲ್ಲಾಗಲಿ ಶಾಸನಗಳಲ್ಲಾಗಲಿ ಆ ಹೆಸರು ಹಾಕಿಕೊಂಡಿಲ್ಲ. ಶಾಸನಗಳು ನಂಬಿಕೆಗೆ ಜಾಸ್ತಿ ಅರ್ಹ, ಸರಿ. ಆದರೆ ಶಾಸನ ಕೊರೆಸುವವನಿಗೆ ಒಂದು ಉದ್ದೇಶ ಇರುತ್ತದೆ. ಸಾತವಾಹನ ಅರಸ ಗೌತಮೀಪುತ್ರ ಸಾತಕರ್ಣಿಯ ಕುದುರೆಗಳು ಮೂರು ಸಮುದ್ರದ ನೀರು ಕುಡಿದವು ಎಂದು ನಾಸಿಕದ ಶಾಸನ ಹೇಳುತ್ತದೆ. ಅದನ್ನು ಬರೆಸಿದ್ದು ಅವನ ತಾಯಿ ಗೌತಮಿ ಬಲಶ್ರೀ, ಮಗ ತೀರಿಕೊಂಡ ಮೇಲೆ, ಮೊಮ್ಮಗ ಪುಲುಮಾವಿಯ ಆಳ್ವಿಕೆಯ 19ನೇ ವರ್ಷದಲ್ಲಿ. ತಾಯಿ ಮಗನನ್ನು ಹೊಗಳಿದ್ದು ಸಹಜ. ನಾವು ಅದನ್ನು ನಕಾಶೆಯ ಗಡಿ ಎಂದು ಓದುವುದು ಮಾತ್ರ ಸರಿಯಲ್ಲ.

ಅದೇ ಶಾಸನ ಅವನು ಖಖರಾತ, ಅಂದರೆ ಪಶ್ಚಿಮ ಭಾರತದಲ್ಲಿ ಆಳುತ್ತಿದ್ದ ಶಕರ ಕ್ಷಹರಾತ ವಂಶವನ್ನು ನಿರ್ನಾಮ ಮಾಡಿದ ಎಂದೂ ಹೇಳುತ್ತದೆ. ಇದು ಹೊಗಳಿಕೆಯೋ ನಿಜವೋ? ಇಲ್ಲಿ ನಾಣ್ಯ ಸಾಕ್ಷಿ ಹೇಳುತ್ತದೆ.

1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ಥಂಬಿಯಲ್ಲಿ ಒಂದು ದೊಡ್ಡ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಒಟ್ಟು 13,000ಕ್ಕೂ ಹೆಚ್ಚು ನಾಣ್ಯಗಳು. ಎಲ್ಲವೂ ಮೂಲತಃ ಕ್ಷಹರಾತ ವಂಶದ ನಹಪಾನನವು. ಒಂದು ಬದಿಯಲ್ಲಿ ಅವನ ತಲೆ, ಇನ್ನೊಂದು ಬದಿಯಲ್ಲಿ ಬಾಣ ಮತ್ತು ವಜ್ರಾಯುಧ, ಬರಹ ಗ್ರೀಕ್, ಬ್ರಾಹ್ಮಿ, ಖರೋಷ್ಠಿ ಮೂರು ಲಿಪಿಗಳಲ್ಲಿ. ಇವುಗಳಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಗೌತಮೀಪುತ್ರ ಸಾತಕರ್ಣಿ ತನ್ನ ಅಚ್ಚನ್ನು ಮತ್ತೆ ಒತ್ತಿಸಿದ್ದಾನೆ. ಕರಗಿಸಿಲ್ಲ, ಹೊಸದಾಗಿ ಮಾಡಿಸಿಲ್ಲ. ಅದೇ ನಾಣ್ಯದ ಮೇಲೆ ಕಮಾನುಗಳ ಬೆಟ್ಟ, ತನ್ನ ಹೆಸರು, ಹಿಂಬದಿಗೆ ನಾಲ್ಕು ವೃತ್ತಗಳ ಉಜ್ಜಯಿನಿ ಚಿಹ್ನೆ. ಎಷ್ಟೋ ನಾಣ್ಯಗಳಲ್ಲಿ ಸಾತವಾಹನ ಬೆಟ್ಟದ ಅಂಚಿನಲ್ಲಿ ನಹಪಾನನ ಮೂಗೋ ಕಿವಿಯೋ ಇನ್ನೂ ಕಾಣುತ್ತದೆ.

ಇದರಿಂದ ಏನೇನು ಹೊರಡುತ್ತದೆ ನೋಡಿ. ಮೊದಲನೆಯದು ಅನುಮಾನಕ್ಕೆ ಎಡೆಯಿಲ್ಲದ್ದು. ನಹಪಾನನ ನಾಣ್ಯ ಮೊದಲು, ಗೌತಮೀಪುತ್ರನ ಒತ್ತು ಆಮೇಲೆ. ಮೇಲಿನ ಅಚ್ಚು ಕೆಳಗಿನ ಅಚ್ಚಿಗಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಯಾವ ಪುರಾಣಕಾರ, ಯಾವ ಆಸ್ಥಾನಕವಿಯೂ ಈ ಕ್ರಮವನ್ನು ತಿರುಚಲಾರ. ಎರಡನೆಯದು ಸ್ವಲ್ಪ ಸೂಕ್ಷ್ಮ. ಇಷ್ಟು ದೊಡ್ಡ ನಿಧಿಯಲ್ಲಿ ನಹಪಾನನ ನಂತರದ ಬೇರೆ ಕ್ಷಹರಾತ ಅರಸನ ಒಂದು ನಾಣ್ಯವೂ ಇಲ್ಲ. ಅವನಾದ ಮೇಲೆ ಆ ಮನೆತನದವನೊಬ್ಬ ನಾಸಿಕದ ಕಡೆ ಆಳಿದ್ದರೆ ಅವನ ನಾಣ್ಯ ಇಲ್ಲಿ ಕಾಣಿಸಿಕೊಳ್ಳಬೇಕಿತ್ತು. ಅಂದರೆ ನಿರ್ನಾಮದ ಮಾತು ಬರೀ ಹೊಗಳಿಕೆಯಲ್ಲ. ಮೂರನೆಯದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಗೆದ್ದವನು ಸೋತವನ ಬೆಳ್ಳಿಯನ್ನು ಅದೇ ತೂಕದಲ್ಲಿ ಚಲಾವಣೆಗೆ ಬಿಟ್ಟಿದ್ದಾನೆ. ನಾಸಿಕದ ವರ್ತಕರಿಗೆ ಆ ಅಳತೆಯ ಬೆಳ್ಳಿ ಒಗ್ಗಿಹೋಗಿತ್ತು. ನಹಪಾನನ ಅಳಿಯ ಉಷವದಾತ ಅಲ್ಲಿನ ನೇಕಾರರ ಸಂಘಗಳಲ್ಲಿ 3,000 ಕಾರ್ಷಾಪಣ (ಆಗಿನ ನಾಣ್ಯ) ಠೇವಣಿ ಇಟ್ಟಿದ್ದ. 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ, ಉಳಿದ 1,000ಕ್ಕೆ ನೂರಕ್ಕೆ ಮುಕ್ಕಾಲು. ಇದು ಅವನದೇ ಶಾಸನದ ಲೆಕ್ಕ. ಇಂಥ ಪೇಟೆಯನ್ನು ಗೆದ್ದವನು ಅದರ ಹಣವನ್ನು ಕೆಡಿಸಲು ಹೋಗುವುದಿಲ್ಲ, ಹೆಸರು ಬದಲಿಸುತ್ತಾನೆ ಅಷ್ಟೇ. ಗೌತಮೀಪುತ್ರನ ಆಡಳಿತದ ಬಗ್ಗೆ ಅವನ ತಾಯಿಯ ಶಾಸನಕ್ಕಿಂತ ಈ ನಾಣ್ಯಗಳು ಹೆಚ್ಚು ಹೇಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಶಾಸನವೂ ಇಲ್ಲಿ ಕೈ ಜೋಡಿಸುತ್ತದೆ. ಗೌತಮೀಪುತ್ರ ತನ್ನ 18ನೇ ವರ್ಷದಲ್ಲಿ ನಾಸಿಕದ ಭಿಕ್ಷುಗಳಿಗೆ ಒಂದು ಹೊಲ ಕೊಡುತ್ತಾನೆ. ಅದು ಹಿಂದೆ ಉಷವದಾತನ ಅನುಭವದಲ್ಲಿದ್ದ ಹೊಲ. ಆಜ್ಞೆ ಹೊರಟಿದ್ದು ವೈಜಯಂತಿಯ ಸೇನೆಯ ವಿಜಯಶಿಬಿರದಿಂದ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದೇ ಹೆಚ್ಚಿನವರು ಗುರುತಿಸುತ್ತಾರೆ. ಹಾಗಾದರೆ ಗೆಲುವು 18ನೇ ವರ್ಷದ ಹೊತ್ತಿಗೆ ಆಗಿತ್ತು.

ಆದರೆ ಅದು ಯಾವ ಇಸವಿ? ಇಲ್ಲಿ ನಾಣ್ಯ ಕೈ ಚೆಲ್ಲುತ್ತದೆ. ನಹಪಾನನ ಕಾಲದ ಶಾಸನಗಳಲ್ಲಿ 41ರಿಂದ 46ರವರೆಗಿನ ವರ್ಷಗಳಿವೆ. ಅವು ಕ್ರಿ.ಶ. 78ರ ಶಕ ವರ್ಷ ಎಂದು ಹಿಡಿದರೆ ಅವನ ಕೊನೆ 124ರ ಸುಮಾರಿಗೆ ಬರುತ್ತದೆ. ಅವು ಅವನ ಸ್ವಂತ ಆಳ್ವಿಕೆಯ ವರ್ಷಗಳು ಎಂದು ಹಿಡಿದರೆ ಅವನು ಅದಕ್ಕೂ ಹಿಂದೆ ಹೋಗುತ್ತಾನೆ. ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಬರುವ ಒಬ್ಬ ದೊರೆ ನಹಪಾನನೇ ಎನ್ನುವವರು ಈ ಎರಡನೇ ದಾರಿ ಹಿಡಿಯುತ್ತಾರೆ. ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ಜೋಗಲ್‌ಥಂಬಿ ಖಚಿತವಾಗಿ ಹೇಳುತ್ತದೆ, ಯಾವಾಗ ಎಂಬುದನ್ನು ಹೇಳುವುದಿಲ್ಲ. ಪ್ರಬಂಧದಲ್ಲಿ ಈ ಎರಡನ್ನೂ ಕಲಸಬೇಡಿ.

ಮರುಅಚ್ಚಿನ ಇನ್ನೊಂದು ಸೊಗಸಾದ ಉದಾಹರಣೆ ಕೊಲ್ಹಾಪುರದ್ದು. ಅಲ್ಲಿ ಸಿಗುವ ಸೀಸದ ನಾಣ್ಯಗಳಲ್ಲಿ ಬಿಲ್ಲು ಬಾಣದ ಚಿತ್ರದ ಸುತ್ತ ಮೂರು ಹೆಸರುಗಳಿವೆ. ವಾಸಿಠೀಪುತ ವಿಳಿವಾಯಕುರ, ಮಾಢರೀಪುತ ಸಿವಲಕುರ, ಗೋತಮೀಪುತ ವಿಳಿವಾಯಕುರ. ಇವರ ಬಗ್ಗೆ ಶಾಸನವಿಲ್ಲ, ಪುರಾಣವಿಲ್ಲ. ಆದರೆ ಸಿವಲಕುರನ ಅಚ್ಚು ಮೊದಲ ವಿಳಿವಾಯಕುರನ ನಾಣ್ಯಗಳ ಮೇಲೆ ಬಿದ್ದಿದೆ. ಗೋತಮೀಪುತನ ಅಚ್ಚು ಆ ಇಬ್ಬರ ನಾಣ್ಯಗಳ ಮೇಲೂ ಬಿದ್ದಿದೆ. ಮೂವರು ದೊರೆಗಳ ಸರದಿ ಸಿಕ್ಕಿತು, ಒಂದು ಸಾಲು ಗ್ರಂಥದ ಸಹಾಯವಿಲ್ಲದೆ. ಸಾತವಾಹನರಂತೆಯೇ ತಾಯಿಯ ಹೆಸರು (ಗೋತಮೀಪುತ ಎಂದರೆ ಗೋತಮಿಯ ಮಗ) ಕಂಡ ಕೂಡಲೇ ಇವರನ್ನೂ ಸಾತವಾಹನ ಅರಸರೆಂದು ಹಿಂದಿನ ವಿದ್ವಾಂಸರು ಎಣಿಸಿದ್ದುಂಟು. ಗೋತಮೀಪುತ ಎಂದರೆ ಆ ಪ್ರಸಿದ್ಧ ಗೌತಮೀಪುತ್ರನೇ ಇರಬೇಕು ಎಂಬ ಊಹೆ. ಈಗ ಇವರನ್ನು ಕೊಲ್ಹಾಪುರದ ಬೇರೆ ಮನೆತನ ಎಂದೇ ನೋಡುತ್ತಾರೆ. ಎರಡನೇ ಶತಮಾನದ ಭೂಗೋಳಕಾರ ಟಾಲೆಮಿಯೂ ಸಾತವಾಹನರ ರಾಜಧಾನಿ ಪೈಠಣದಲ್ಲಿ ಒಬ್ಬ ಪುಲುಮಾವಿಯನ್ನು ಹೇಳಿ, ಹಿಪ್ಪೊಕೂರ ಎಂಬ ಬೇರೆ ಊರಿನಲ್ಲಿ ಬಲಿಯೊಕೂರೊಸ್ ಎಂಬ ಬೇರೆ ದೊರೆಯನ್ನು ಹೇಳುತ್ತಾನೆ.

ತಾಯಿಯ ಹೆಸರಿನ ಈ ಗೊಂದಲ ಸಾತವಾಹನ ನಾಣ್ಯಗಳ ದೊಡ್ಡ ತಲೆನೋವು. ಗೌತಮೀಪುತ್ರರು ಒಬ್ಬರಿಗಿಂತ ಹೆಚ್ಚು. ವಾಸಿಷ್ಠೀಪುತ್ರರೂ ಹಾಗೆಯೇ. ಸಾತಕರ್ಣಿ ಎಂಬ ಹೆಸರಂತೂ ಬಹಳ ಅರಸರಿಗೆ ಇದೆ. ಬರೀ ‘ಸಿರಿ ಸಾತಕಣಿಸ’ ಎಂದು ಇರುವ ಸವೆದ ನಾಣ್ಯವನ್ನು ಯಾವ ಸಾತಕರ್ಣಿಗೆ ಕೊಡುತ್ತೀರಿ? ನಾಣ್ಯದ ಮೇಲೆ ವರ್ಷ ಇಲ್ಲ, ತಂದೆಯ ಹೆಸರಿಲ್ಲ. ಪಕ್ಕದ ಪಶ್ಚಿಮ ಕ್ಷತ್ರಪರನ್ನು, ಅಂದರೆ ನಹಪಾನನ ನಂತರ ಗುಜರಾತ್, ಮಾಳವದ ಕಡೆ ಆಳಿದ ಶಕ ದೊರೆಗಳನ್ನು, ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಅವರ ಪುಟ್ಟ ಬೆಳ್ಳಿ ನಾಣ್ಯ ಸುಮಾರು 2 ಗ್ರಾಂ ತೂಗುತ್ತದೆ, ಅಷ್ಟರಲ್ಲೇ ಇಂಥ ಮಹಾಕ್ಷತ್ರಪನ ಮಗ ಇಂಥ ಮಹಾಕ್ಷತ್ರಪ ಎಂದು ಪೂರ್ತಿ ಬರೆದಿರುತ್ತದೆ. ಎರಡನೇ ಶತಮಾನದ ಕೊನೆಯ ಭಾಗದಿಂದ ತಲೆಯ ಹಿಂದೆ ಶಕ ವರ್ಷದ ಅಂಕಿಯೂ ಬರುತ್ತದೆ. ಯಾರು ಯಾವ ವರ್ಷ ಬರೀ ಕ್ಷತ್ರಪ, ಯಾವ ವರ್ಷ ಮಹಾಕ್ಷತ್ರಪ ಎಂದು ಓದಿಕೊಂಡು ಹೋಗಬಹುದು. ಅವರ ವಂಶಾವಳಿಯ ಬಹುಭಾಗ ನಿಂತಿರುವುದು ನಾಣ್ಯಗಳ ಮೇಲೆಯೇ. ಕೊನೆಗೆ ಗುಪ್ತರ ಎರಡನೇ ಚಂದ್ರಗುಪ್ತ ಅದೇ ಮಾದರಿಯ ಬೆಳ್ಳಿ ನಾಣ್ಯ ಹೊಡೆಸುತ್ತಾನೆ. ಬೆಟ್ಟದ ಚಿಹ್ನೆಯ ಜಾಗಕ್ಕೆ ಗರುಡ ಬರುತ್ತದೆ. ಅಲ್ಲಿಗೆ ಕ್ಷತ್ರಪರ ಕಥೆ ಮುಗಿಯಿತು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಾತವಾಹನರಿಗೆ ಅಂಥ ಅನುಕೂಲ ಇಲ್ಲದ್ದರಿಂದ ನಿಧಿಗಳೇ ಗತಿ. 1939ರಲ್ಲಿ ವಿದರ್ಭದ ತಾರ್ಹಾಳದಲ್ಲಿ ಸುಮಾರು 1,600 ಪೋಟಿನ್ ನಾಣ್ಯಗಳು ಸಿಕ್ಕವು. ಪೋಟಿನ್ ಎಂದರೆ ತಾಮ್ರಕ್ಕೆ ತವರ, ಸೀಸ ಬೆರೆಸಿದ ಲೋಹ. ಅದರಲ್ಲಿ ಗೊತ್ತಿದ್ದ ಅರಸರ ಜೊತೆ ಕುಂಭ, ಕರ್ಣ, ಶಕ ಎಂಬ ಸಾತಕರ್ಣಿಗಳೂ ಇದ್ದರು. ಪುರಾಣದ ಪಟ್ಟಿಯಲ್ಲಿ ಈ ಹೆಸರುಗಳಿಲ್ಲ. ತೆಲಂಗಾಣದ ಕೋಟಿಲಿಂಗಾಲದಲ್ಲಿ ಇದಕ್ಕಿಂತ ಹಿಂದಿನ ಕಾಲ ಬೆಳಕಿಗೆ ಬಂತು. ಗೋಭದ, ನಾರಣ, ಸಮಗೋಪ ಎಂಬ ಸ್ಥಳೀಯ ದೊರೆಗಳ ನಾಣ್ಯಗಳು, ಜೊತೆಗೆ ಆರಂಭದ ಸಾತವಾಹನರವು. ವಂಶದ ಮೂಲಪುರುಷನೆನ್ನುವ ಚಿಮುಕನ ನಾಣ್ಯವೂ ಅಲ್ಲಿಯದೇ. ಅವನು ಪುರಾಣದ ಸಿಮುಕನೇ ಹೌದೇ ಎಂಬ ವಾದ ಇನ್ನೂ ಇದೆ.

ಇನ್ನು ಲೋಹದ ವಿಷಯ. ಸಾತವಾಹನರು ಜಾಸ್ತಿ ಬಳಸಿದ್ದು ಸೀಸ, ತಾಮ್ರ, ಪೋಟಿನ್. ಬೆಳ್ಳಿ ವಿರಳ. ಬೆಳ್ಳಿಯಲ್ಲಿ ಹೊಡೆಸಿದಾಗ ಮಾತ್ರ ಅರಸನ ಮುಖ ಬರುತ್ತದೆ. ಪುಲುಮಾವಿ, ವಾಸಿಷ್ಠೀಪುತ್ರ ಸಾತಕರ್ಣಿ, ಯಜ್ಞ ಸಾತಕರ್ಣಿ ಇವರ ಮುಖದ ನಾಣ್ಯಗಳು ಕ್ಷತ್ರಪರ ನಾಣ್ಯದ ಅಳತೆ, ಮಾದರಿ ಎರಡನ್ನೂ ಅನುಸರಿಸುತ್ತವೆ. ಯಜ್ಞ ಸಾತಕರ್ಣಿಯದೊಂದು 1882ರಲ್ಲಿ ಸೋಪಾರದ ಸ್ತೂಪದಲ್ಲಿ ಸಿಕ್ಕಿತ್ತು. ಯಾಕೆ ಹೀಗೆ? ಕ್ಷತ್ರಪರೊಂದಿಗೆ ಜಗಳವೂ ಇತ್ತು, ಸಂಬಂಧವೂ ಇತ್ತು. ಕ್ರಿ.ಶ. 150ರ ಜುನಾಗಢ ಶಾಸನದಲ್ಲಿ ಮಹಾಕ್ಷತ್ರಪ ರುದ್ರದಾಮನು ದಕ್ಷಿಣಾಪಥದ ಸಾತಕರ್ಣಿಯನ್ನು ಎರಡು ಸಲ ಸೋಲಿಸಿಯೂ ಹತ್ತಿರದ ಸಂಬಂಧದ ಕಾರಣಕ್ಕೆ ಬಿಟ್ಟೆ ಎನ್ನುತ್ತಾನೆ. ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿ ಒಬ್ಬ ಮಹಾಕ್ಷತ್ರಪನ ಮಗಳು ಎಂದು ಕಣ್ಹೇರಿಯ ಶಾಸನ ಹೇಳುತ್ತದೆ. ಆ ಅಳಿಯನ ನಾಣ್ಯ ಮಾವನ ಕಡೆಯವರ ನಾಣ್ಯದಂತೆಯೇ ಇರುವುದು ಕಾಕತಾಳೀಯ ಅಲ್ಲ. ಪಶ್ಚಿಮದ ಬಂದರುಗಳಲ್ಲಿ ನಡೆಯುತ್ತಿದ್ದುದು ಅದೇ ಬೆಳ್ಳಿ. ಹಾಗಾಗಿ ಇದನ್ನು ಬರೀ ಅನುಕರಣೆ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ವ್ಯಾಪಾರದ ಲೆಕ್ಕಾಚಾರವೂ ಅದರಲ್ಲಿದೆ. ಈ ನಾಣ್ಯಗಳ ಒಂದು ಬದಿ ಪ್ರಾಕೃತ, ಇನ್ನೊಂದು ಬದಿ ದಕ್ಷಿಣದ ಒಂದು ಭಾಷೆ. ಅದು ತಮಿಳೋ ಹಳೆಯ ತೆಲುಗೋ ಮತ್ತೊಂದೋ ಎಂಬ ಜಗಳ ಮುಗಿದಿಲ್ಲ. ನೀವು ಅದರಲ್ಲಿ ಸಿಕ್ಕಿಕೊಳ್ಳಬೇಡಿ, ಪ್ರಬಂಧ ಮುಗಿಯುವುದಿಲ್ಲ.

ಕೆಲವು ಗುಂಡಿಗಳನ್ನು ನೋಡಿಕೊಂಡು ನಡೆಯಿರಿ. ನಾಣ್ಯ ಸಿಕ್ಕಿದ ಕಡೆಯೆಲ್ಲ ಆ ಅರಸ ಆಳಿದ ಎಂದಲ್ಲ. ಚಂದ್ರವಳ್ಳಿಯಲ್ಲಿ ರೋಮ್‌ನ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ. ಚಿತ್ರದುರ್ಗವನ್ನು ರೋಮ್‌ನವರು ಆಳಿದರು ಎಂದು ಯಾರೂ ಹೇಳುವುದಿಲ್ಲ ತಾನೇ? ಬೆಳ್ಳಿ, ಚಿನ್ನ ಬೆಲೆಯುಳ್ಳ ಲೋಹ, ದೂರ ಹೋಗುತ್ತದೆ. ಸೀಸ, ಪೋಟಿನ್ ಸಾಮಾನ್ಯವಾಗಿ ಹುಟ್ಟಿದ ಸೀಮೆಯಲ್ಲೇ ಓಡಾಡಿ ಸವೆಯುತ್ತದೆ. ಹಾಗಾಗಿ ಗಡಿ ಎಳೆಯುವಾಗ ಕಂಬದಂತೆ ನೆಡಬೇಕಾದ್ದು ಬೆಳ್ಳಿಯನ್ನಲ್ಲ, ಸೀಸವನ್ನು. ಚಿಹ್ನೆಯನ್ನೂ ಅತಿಯಾಗಿ ಓದಬಾರದು. ಉಜ್ಜಯಿನಿ ಚಿಹ್ನೆ ಇದೆ ಎಂದ ಮಾತ್ರಕ್ಕೆ ಆ ಅರಸ ಉಜ್ಜಯಿನಿ ಗೆದ್ದ ಎಂದಾಗುವುದಿಲ್ಲ. ಆ ಹೆಸರನ್ನು ಚಿಹ್ನೆಗೆ ಕೊಟ್ಟವರು ನಾವು. ಸನ್ನತಿಯ ಹತ್ತಿರದ ಕನಗನಹಳ್ಳಿಯ ಶಿಲ್ಪದ ಕೆಳಗೆ ಪುಲುಮಾವಿ ಉಜ್ಜಯಿನಿಯನ್ನು ಒಪ್ಪಿಸುತ್ತಿದ್ದಾನೆ ಎಂಬ ಬರಹವೇ ಇದೆ. ಅಂಥದ್ದು ಸಿಕ್ಕರೆ ಅದು ಬೇರೆ ಮಾತು. ಕೋರಮಂಡಲ ತೀರದ ಹಡಗಿನ ಚಿತ್ರದ ನಾಣ್ಯಗಳೂ ಹಾಗೆಯೇ. ಎಲ್ಲ ಪಠ್ಯಪುಸ್ತಕಗಳೂ ಅವನ್ನು ತೋರಿಸಿ ನೌಕಾಬಲದ ಬಗ್ಗೆ ಮಾತಾಡುತ್ತವೆ. ಎರಡು ಕಂಬದ ಹಡಗು ಕಡಲ ವ್ಯಾಪಾರಕ್ಕೆ ಸಾಕ್ಷಿ, ಯುದ್ಧನೌಕೆಗಲ್ಲ.

ಇಂಟರ್‌ನೆಟ್‌ನಲ್ಲಿ ಮಾರಾಟಕ್ಕಿರುವ ಸಾತವಾಹನ ನಾಣ್ಯಗಳ ಚಿತ್ರಗಳನ್ನು ಆಧಾರವಾಗಿ ಬಳಸಬೇಡಿ ಎಂದೂ ಹೇಳಬೇಕು. ಖೋಟಾ ಒಂದು ಸಮಸ್ಯೆ. ಅದಕ್ಕಿಂತ ದೊಡ್ಡ ಸಮಸ್ಯೆ, ಅವು ಎಲ್ಲಿಯವು ಎಂದು ಗೊತ್ತಿಲ್ಲದಿರುವುದು. ನಿಧಿಯೊಂದು ಸಿಕ್ಕಿ ನಾಲ್ಕು ಜನ ಹಂಚಿಕೊಂಡು ಮಾರಿಬಿಟ್ಟರೆ ಒಂದೊಂದು ನಾಣ್ಯ ಸುರಕ್ಷಿತವಾಗಿಯೇ ಇರುತ್ತದೆ, ಆದರೆ ಜೋಗಲ್‌ಥಂಬಿ ನಮಗೆ ಕಲಿಸಿದಂಥ ಪಾಠ ಶಾಶ್ವತವಾಗಿ ಹೋಗುತ್ತದೆ. ಆ ನಿಧಿಯಿಂದ ಹತ್ತು ಚೆಂದದ ನಾಣ್ಯ ಆರಿಸಿ ಉಳಿದದ್ದು ಕರಗಿಸಿದ್ದರೆ ನಹಪಾನನಿಗೆ ಉತ್ತರಾಧಿಕಾರಿ ಇರಲಿಲ್ಲ ಎಂದು ಹೇಳಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

ಪ್ರಬಂಧದ ವಿಷಯಕ್ಕೆ ನನ್ನ ಸಲಹೆ ಒಂದೇ. ‘ಸಾತವಾಹನರ ಇತಿಹಾಸ’ ಎಂಬ ಆನೆಯನ್ನು ಕಟ್ಟಲು ಹೋಗಬೇಡಿ. ಕರ್ನಾಟಕದ ಸೀಸದ ನಾಣ್ಯಗಳನ್ನು ಮಾತ್ರ ಹಿಡಿಯಿರಿ. ಚಂದ್ರವಳ್ಳಿಯ ಕಡೆ ಮಹಾರಠಿಯ ಗೂಳಿ ಇದೆ. ಕಾರವಾರದ ಕಡೆ ‘ರಞೋ ಚುಟುಕುಳಾನಂದಸ’, ‘ರಞೋ ಮುಳಾನಂದಸ’ ಎಂಬ ಬರಹದ ದೊಡ್ಡ ಸೀಸದ ನಾಣ್ಯಗಳಿವೆ, ಬೆಟ್ಟ ಮತ್ತು ಬೇಲಿಯೊಳಗಿನ ಮರ ಅವುಗಳಲ್ಲೂ ಇವೆ. ಬನವಾಸಿಯ ಶಾಸನದಲ್ಲಿ ಹಾರಿತೀಪುತ್ರ ವಿಣ್ಹುಕಡ ಚುಟುಕುಳಾನಂದ ಸಾತಕರ್ಣಿ ಬರುತ್ತಾನೆ. ಈ ಚುಟುಗಳು ಸಾತವಾಹನರದೇ ಕವಲೋ, ಅವರು ಕುಗ್ಗಿದ ಮೇಲೆ ಅವರ ಬಿರುದನ್ನೂ ಚಿಹ್ನೆಗಳನ್ನೂ ಉಳಿಸಿಕೊಂಡ ಬೇರೆ ಮನೆತನವೋ ಎಂಬ ಚರ್ಚೆ ಹಳೆಯದು. ಚಿಹ್ನೆಗಳನ್ನು ಸಾಲಾಗಿಟ್ಟು, ಅಕ್ಷರಗಳ ರೂಪವನ್ನು ಬನವಾಸಿ ಶಾಸನದ ಅಕ್ಷರಗಳ ಪಕ್ಕ ಇಟ್ಟು, ತೂಕ ನೋಡಿ, ಪ್ರತಿ ನಾಣ್ಯ ಸಿಕ್ಕ ಜಾಗವನ್ನು ನಕಾಶೆಯಲ್ಲಿ ಗುರುತಿಸಿ. ಬ್ರಾಹ್ಮಿ ಓದಲು ಕಲಿಯದೆ ಇದು ಆಗುವುದಿಲ್ಲ. ಆದರೆ ನಾಣ್ಯಗಳಿಗೆ ಬೇಕಾಗುವ ಅಕ್ಷರಗಳು ತುಂಬಾ ಇಲ್ಲ, ಬಿಡುವಿನ ಒಂದು ರಜೆಯಲ್ಲಿ ಕೈಗೆ ಬರುತ್ತವೆ. ಮೊದಲು ಮುದ್ರಿತ ಚಿತ್ರಗಳಲ್ಲಿ ಓದಿ ಅಭ್ಯಾಸ ಮಾಡಿ, ಆಮೇಲೆ ಚಿತ್ರದುರ್ಗದ ವಸ್ತುಸಂಗ್ರಹಾಲಯದಲ್ಲಿ ಅನುಮತಿ ಪಡೆದು ನಿಜವಾದ ನಾಣ್ಯಗಳನ್ನು ನೋಡಿ. ಪಕ್ಕದಿಂದ ಓರೆಯಾಗಿ ಬೆಳಕು ಬೀಳುವ ಹಾಗೆ ಟಾರ್ಚ್ ಹಿಡಿದರೆ ಸವೆದ ಅಕ್ಷರವೂ ಕಾಣುತ್ತದೆ.